ಊರು ಮುಳುಗಿದರೆ ಅಜ್ಜನ ದಾಖಲೆಯೂ ಮುಳುಗಿತಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕಿ. ನಮ್ಮ ಅಜ್ಜನ ಮನೆ ಸಾಗರ ತಾಲ್ಲೂಕಿನ ಭಾರಂಗಿ ಹೋಬಳಿಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟೆ ಆದಾಗ ಊರು ಮುಳುಗಿತು. ಅಜ್ಜ ಸಂಸಾರ ಕಟ್ಟಿಕೊಂಡು ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ಬಂದರು. ಅಪ್ಪ ಹೋದ ವರ್ಷ ತೀರಿಕೊಂಡರು. ಈಗ ಮಗಳು ವಂಶವೃಕ್ಷ ಬರೆಯಬೇಕು ಅಂತ ಕೂತರೆ ಅಜ್ಜನಿಂದ ಆಚೆ ನನಗೆ ಒಂದು ಹೆಸರೂ ಗೊತ್ತಿಲ್ಲ. ಮನೆಯಲ್ಲಿರುವ ಒಂದು ಹಳೆಯ ಕಾಗದದಲ್ಲಿ ‘ತಿಮ್ಮ ಬಿನ್ ದ್ಯಾವ’ ಅಂತಿದೆ. ಇನ್ನೊಂದರಲ್ಲಿ ‘ದ್ಯಾವಪ್ಪ ಬಿನ್ ತಿಮ್ಮ’. ರೇಷನ್ ಕಾರ್ಡಿನಲ್ಲಿ ‘ತಿಮ್ಮಪ್ಪ ಡಿ’. ಯಾವುದು ಸರಿ? ಚಿಕ್ಕಪ್ಪ ‘ದಾಖಲೆ ಎಲ್ಲ ನೀರಲ್ಲಿ ಹೋಯ್ತು, ಸುಮ್ನಿರು’ ಅನ್ನುತ್ತಾರೆ. ಅಜ್ಜಿ ಘಟ್ಟದ ಕೆಳಗಿನವರು, ಯಾವ ಊರೋ ಗೊತ್ತಿಲ್ಲ. ದೊಡ್ಡತ್ತೆ ಇದ್ದಾರೆ, ಆದರೆ ಅಜ್ಜಿಯ ತವರಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ. ದಾಯಾದಿ ಒಬ್ಬರು ನಾವು ಕೆಳದಿ ಅರಸರ ದಂಡಿನವರು ಅನ್ನುತ್ತಾರೆ. ಬೆಂಗಳೂರಿನ ತಮ್ಮ ಡಿಎನ್‌ಎ ಟೆಸ್ಟ್ ಮಾಡಿಸು ಅನ್ನುತ್ತಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಚಿಕ್ಕಪ್ಪನ ಮಾತಿನಿಂದಲೇ ಶುರು ಮಾಡೋಣ. ಕಂದಾಯ ದಾಖಲೆಗಳ ನಡುವೆ ಕೆಲಸ ಮಾಡಿದವನು ನಾನು. ಮುಳುಗಡೆ ಮನೆಯವರ ಬಾಯಲ್ಲಿ ಈ ಮಾತನ್ನು ಬಹಳ ಕೇಳಿದ್ದೇನೆ. ಅವರ ನೋವು ನಿಜ. ಮಾತು ಮಾತ್ರ ಪೂರ್ತಿ ನಿಜ ಅಲ್ಲ. ಮುಳುಗಿದ್ದು ಊರು. ಊರಿನ ಲೆಕ್ಕದ ಒಂದು ಭಾಗ ಶಾನುಭೋಗರ ಪೆಟ್ಟಿಗೆಯಲ್ಲಿತ್ತು, ಇನ್ನೊಂದು ಭಾಗ ಸಾಗರದ ತಾಲ್ಲೂಕು ಕಚೇರಿಯಲ್ಲಿತ್ತು. ಸಾಗರ ಮುಳುಗಲಿಲ್ಲವಲ್ಲ.

ಹಾಗೆ ನೋಡಿದರೆ ಮುಳುಗಿದ ಊರಿಗೆ ಬೇರೆ ಊರುಗಳಿಗಿಲ್ಲದ ಒಂದು ಕಡತ ಜಾಸ್ತಿ ಇರುತ್ತದೆ. ಅದು ಭೂಸ್ವಾಧೀನದ ಕಡತ. ಸರ್ಕಾರ ಜಮೀನು ತೆಗೆದುಕೊಳ್ಳುವಾಗ ಯಾವ ಸರ್ವೆ ನಂಬರು, ಎಷ್ಟು ಎಕರೆ, ಗದ್ದೆಯೋ ತೋಟವೋ, ಮನೆ ಎಂಥದ್ದು, ಬಾವಿ ಇತ್ತಾ, ಮರ ಎಷ್ಟು, ಪರಿಹಾರ ಯಾರಿಗೆ ಅಂತ ಬರೆಯಲೇಬೇಕು. ಹೀಗೆ ಬರೆದು ಕೊಡುವ ಆದೇಶಕ್ಕೆ ಐತೀರ್ಪು ಅನ್ನುತ್ತಾರೆ. ನಿಮ್ಮ ಅಜ್ಜನ ಮನೆಗೆ ಎಷ್ಟು ಅಂಕಣ ಇತ್ತು ಅನ್ನುವುದು ಕೂಡ ಅದರಲ್ಲಿ ಸಿಕ್ಕಿಬಿಡಬಹುದು. ಸಾಗರದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿ. ಅಲ್ಲಿಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮು. ಕೇಳುವ ಮೊದಲು ಮನೆಯಲ್ಲಿ ಒಂದು ವಿಷಯ ಖಚಿತ ಮಾಡಿಕೊಳ್ಳಿ: ನಿಮ್ಮವರು ಎದ್ದದ್ದು ಲಿಂಗನಮಕ್ಕಿ ನೀರಿಗೋ, ಅದಕ್ಕೂ ಮೊದಲಿನ ಹಿರೇಭಾಸ್ಕರ ಕಟ್ಟೆಯ ನೀರಿಗೋ? ಮಡೆನೂರಿನ ಆ ಕಟ್ಟೆ 1948ರ ಹೊತ್ತಿಗೇ ಮುಗಿದಿತ್ತು. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಅದೂ ನೀರೊಳಗೆ ಹೋಯಿತು. ಎರಡು ಸಲ ಎದ್ದ ಮನೆಗಳೂ ಇವೆ. ಆ ಮನೆಗಳ ಹಿರಿಯರು ಎರಡೂ ಕಥೆಯನ್ನು ಸೇರಿಸಿ ಒಂದೇ ಮಾಡಿ ಹೇಳುತ್ತಾರೆ. ಕೇಳುವವರು ತಪ್ಪು ದಶಕದ ಕಡತ ಹುಡುಕುತ್ತಾ ಕೂರುತ್ತಾರೆ.

ಇನ್ನೊಂದು ಸಂಗತಿ ಇದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಟೇಲ, ಶಾನುಭೋಗ ಹುದ್ದೆಗಳು ರದ್ದಾದದ್ದು 1963ರ ಫೆಬ್ರವರಿಯಿಂದ. ಅಂದರೆ ಊರಿನ ಲೆಕ್ಕ ಶಾನುಭೋಗರ ಕೈಯಿಂದ ಸರ್ಕಾರಿ ಗ್ರಾಮಲೆಕ್ಕಿಗರ ಕೈಗೆ ಹೋಗುವ ಹೊತ್ತಿಗೇ ಊರೂ ಖಾಲಿಯಾಗುತ್ತಿತ್ತು. ಆ ಒಂದೆರಡು ವರ್ಷದ ಪುಸ್ತಕ ಕಾಣದೇ ಹೋದರೆ ಶರಾವತಿಯನ್ನೊಬ್ಬಳನ್ನೇ ದೂರಬೇಡಿ.

ಈಗ ಹೆಸರಿನ ಗೋಜಲು. ಮೂರೂ ಕಾಗದ ಒಬ್ಬರದೇ, ಬರೆದವರು ತಪ್ಪು ಮಾಡಿದ್ದಾರೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ‘ತಿಮ್ಮ ಬಿನ್ ದ್ಯಾವ’ ಅಂದರೆ ದ್ಯಾವನ ಮಗ ತಿಮ್ಮ. ಇದು ನಿಮ್ಮ ಅಜ್ಜ, ರೇಷನ್ ಕಾರ್ಡಿನ ‘ತಿಮ್ಮಪ್ಪ ಡಿ’ಗೆ ಸರಿಯಾಗಿ ಹೊಂದುತ್ತದೆ. ‘ದ್ಯಾವಪ್ಪ ಬಿನ್ ತಿಮ್ಮ’ ಅಂದರೆ ತಿಮ್ಮನ ಮಗ ದ್ಯಾವಪ್ಪ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ ಅಲ್ವಾ? ಹಾಗಾಗಿ ಒಂದೇ ಮನೆಯಲ್ಲಿ ತಿಮ್ಮ, ದ್ಯಾವ, ತಿಮ್ಮ, ದ್ಯಾವ ಅಂತ ಹೆಸರು ಸುತ್ತುತ್ತಲೇ ಇರುತ್ತದೆ. ಆ ದ್ಯಾವಪ್ಪ ನಿಮ್ಮ ಮುತ್ತಜ್ಜ ಆಗಿರಬಹುದು. ಆಗ ಅವರ ಅಪ್ಪನ ಹೆಸರೂ ತಿಮ್ಮ. ಅಥವಾ ನಿಮ್ಮ ಅಜ್ಜನ ಹಿರಿಮಗ, ಅಂದರೆ ನಿಮ್ಮ ದೊಡ್ಡಪ್ಪ ಆಗಿರಬಹುದು. ನೀವು ತಪ್ಪು ಅಂತ ಪಕ್ಕಕ್ಕಿಟ್ಟ ಕಾಗದವೇ ನಿಮಗೆ ಬೇಕಿದ್ದ ತಲೆಮಾರನ್ನು ಕೊಡುತ್ತಿರಬಹುದು.

ತಿಳಿಯುವುದು ಹೇಗೆ? ಕಾಗದದ ತಾರೀಖು ನೋಡಿ. ಅಜ್ಜ ಮಗುವಾಗಿದ್ದ ಕಾಲದ್ದಾದರೆ ಅದು ಮುತ್ತಜ್ಜನದು. ‘ಕೋಂ’ (ಇಂಥವರ ಹೆಂಡತಿ) ಅಂತ ಹೆಂಡತಿಯ ಹೆಸರು ಎಲ್ಲಾದರೂ ಇದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯ ಸರ್ವೆ ನಂಬರು. ನಾನು ಎಲ್ಲರಿಗೂ ಹೇಳುವುದು ಇದೊಂದೇ: ಹೆಸರಿನ ಹಿಂದೆ ಓಡಬೇಡಿ, ನೆಲ ಹಿಡಿಯಿರಿ. ಹೆಸರು ತಿಮ್ಮ, ತಿಮ್ಮಪ್ಪ, ತಿಮ್ಮಯ್ಯ ಅಂತ ಬರೆಯುವವರ ಕೈಗೆ ಬಂದಂತೆ ಬದಲಾಗುತ್ತದೆ. ಸರ್ವೆ ನಂಬರು ಹಾಗೆ ಬದಲಾಗುವುದಿಲ್ಲ. ಹಿಸ್ಸೆ ಆದರೆ 42 ಇದ್ದದ್ದು 42/1, 42/2 ಆಗುತ್ತದೆ, ಅಷ್ಟೆ. ಅದೇ ಒಂದು ಸುಳಿವು, ಅಣ್ಣ ತಮ್ಮಂದಿರು ಪಾಲಾದರು ಅಂತ.

ಹಾಗಾದರೆ ನೆಲದ ಕಾಗದದಲ್ಲಿ ನಿಮ್ಮವರ ಹೆಸರು ಎಲ್ಲಿರುತ್ತದೆ? ನೀವು ಬರೆಯದೆ ಬಿಟ್ಟ ಪ್ರಶ್ನೆ ಇಲ್ಲಿ ಬರುತ್ತದೆ. ಅಜ್ಜನ ಗದ್ದೆ ಸ್ವಂತದ್ದಾ, ಗೇಣಿಯದ್ದಾ?

ಸ್ವಂತದ್ದಾದರೆ ದಾರಿ ಸುಲಭ. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಸರ್ವೆ ಶುರುವಾದದ್ದು 1863ರಲ್ಲಿ. ಅದು ನಿಮ್ಮ ಊರಿಗೆ ಬಂದಲ್ಲಿಂದೀಚೆಗೆ ಖಾತೆದಾರರ ಹೆಸರು ಯಾವುದಾದರೂ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಮ್ಯುಟೇಶನ್ ರಿಜಿಸ್ಟರಿನಲ್ಲಿ ಪೌತಿ ಖಾತೆ ಅಂತ ಕಂಡರೆ ಬಿಡಬೇಡಿ. ಖಾತೆದಾರ ಸತ್ತು ವಾರಸುದಾರರ ಹೆಸರಿಗೆ ಬದಲಾದದ್ದು ಅದು. ಯಾರು ತೀರಿಕೊಂಡರು, ಯಾರ್‍ಯಾರು ಮಕ್ಕಳು ಅನ್ನುವುದು ಒಂದೇ ಸಾಲಿನಲ್ಲಿ ಸಿಗುತ್ತದೆ.

ಗೇಣಿಯದ್ದಾದರೆ ಕಷ್ಟ. ಸಾಗರ ಸೀಮೆಯಲ್ಲಿ ಗೇಣಿ ಒಕ್ಕಲುಗಳು ಬಹಳ ಇದ್ದರು. ಗೇಣಿದಾರರ ಕಾಗೋಡು ಸತ್ಯಾಗ್ರಹ 1951ರಲ್ಲಿ ಇಲ್ಲೇ ನಡೆದದ್ದು ಸುಮ್ಮನೆ ಅಲ್ಲ. ಖಾತೆ ಜಮೀನಿನ ಒಡೆಯರ ಹೆಸರಿನಲ್ಲಿರುತ್ತಿತ್ತು. ಗದ್ದೆ ಉಳುವವನ ಹೆಸರು ಹಳೆಯ ಸರ್ವೆ ಪುಸ್ತಕಗಳಲ್ಲಿ ಬರುವುದಿಲ್ಲ. ಮೂರು ತಲೆಮಾರು ಒಂದೇ ಗದ್ದೆ ಉತ್ತರೂ ಕಾಗದದಲ್ಲಿ ಅವರು ಇಲ್ಲ. ನಮ್ಮ ಅಜ್ಜ ಆ ಊರಲ್ಲಿ ಇರಲೇ ಇಲ್ಲವೇನೋ ಅಂತ ಬೇಜಾರಾಗಿ ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ.

ಕೈಬಿಡಬೇಡಿ. ಕೈಬರಹದ ಪಹಣಿಯಲ್ಲಿ 9ನೇ ಕಾಲಂ ಸ್ವಾಧೀನದಾರರದು (ಅಂದರೆ ಖಾತೆದಾರರದು), 12ನೇ ಕಾಲಂ ಸಾಗುವಳಿದಾರರದು. ಎಲ್ಲರೂ 9ನ್ನು ನೋಡಿ ವಾಪಸ್ ಬರುತ್ತಾರೆ. ನೀವು 12ನ್ನು ನೋಡಿ. ನಿಮ್ಮ ಊರು ಮುಳುಗಿದ್ದರಿಂದ ಅಲ್ಲಿನ ಪಹಣಿ ಸಿಗದಿರಬಹುದು. ಆದರೆ ಅಜ್ಜನ ಅಣ್ಣನೋ ತಮ್ಮನೋ ನೀರು ಬಾರದ ಪಕ್ಕದ ಊರಿನಲ್ಲಿ ಉಳಿದಿದ್ದರೆ ಅವರ ಕಡೆಯಿಂದ ಹೋಗಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ಕೊಡುವ ಕಾನೂನು ಬಂತು. ಅದಕ್ಕೆ ಗೇಣಿದಾರರು ಫಾರಂ 7 ಅರ್ಜಿ ಹಾಕಬೇಕಿತ್ತು. ಭೂ ನ್ಯಾಯಮಂಡಳಿ ವಿಚಾರಣೆ ಮಾಡುತ್ತಿತ್ತು. ನನ್ನ ಮಟ್ಟಿಗೆ ಮಲೆನಾಡಿನ ಸಾಮಾನ್ಯ ಮನೆಗಳ ಚರಿತ್ರೆ ಇರುವುದು ಈ ಕಡತಗಳಲ್ಲಿ. ‘ನನ್ನ ಅಪ್ಪ ಇಂಥವರು, ಅವರ ಕಾಲದಿಂದ ನಾವೇ ಸಾಗುವಳಿ, ಇಷ್ಟು ಖಂಡುಗ ಗೇಣಿ ಅಳೆಯುತ್ತಿದ್ದೆವು’ ಅಂತ ಉಳುವವರೇ ಕೊಟ್ಟ ಹೇಳಿಕೆ ಅಲ್ಲಿರುತ್ತದೆ. ಪಕ್ಕದ ಗದ್ದೆಯವರ ಸಾಕ್ಷಿಯೂ ಇರುತ್ತದೆ. ಅರಸರ ಶಾಸನಗಳಿಗಿಂತ ನನಗೆ ಈ ಹೇಳಿಕೆಗಳ ಮೇಲೆ ಪ್ರೀತಿ ಜಾಸ್ತಿ.

ಒಡೆಯರ ಮನೆಯಲ್ಲಿ ಹಳೆಯ ಗೇಣಿ ಲೆಕ್ಕದ ಪುಸ್ತಕ ಇರುವ ಸಾಧ್ಯತೆಯೂ ಇದೆ. ಆದರೆ ಬಾಗಿಲು ತಟ್ಟುವ ಮೊದಲು ಯೋಚಿಸಿ. ಭೂಮಿ ಕಳೆದುಕೊಂಡ ಸಿಟ್ಟು ಕೆಲವು ಮನೆಗಳಲ್ಲಿ ಇನ್ನೂ ಇದೆ. ನಿಮ್ಮ ಕಡೆ ಹಿರಿಯರಿಗೂ ಹಳೆಯದೆಲ್ಲ ನೆನಪಿರುತ್ತದೆ. ಪರಿಚಯದವರ ಮೂಲಕ, ಈಗಿನ ತಲೆಮಾರಿನವರನ್ನು, ಫೋಟೋ ತೆಗೆದುಕೊಳ್ಳಬಹುದಾ ಅಂತಷ್ಟೇ ಕೇಳಿ. ಪುಸ್ತಕ ಮನೆಗೆ ಒಯ್ಯುವ ಮಾತೇ ಆಡಬೇಡಿ.

ದಾಯಾದಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ‘ಹಳೆಯ ಪಹಣಿ ತೆಗೆಸ್ತಾ ಇದ್ದಾಳಂತೆ’ ಅಂತ ಸುದ್ದಿ ಹೋದರೆ ಪಾಲು ಕೇಳೋಕೆ ಬಂದಳು ಅಂತಲೇ ಅರ್ಥ. ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಾಗದ ಹಕ್ಕುಪತ್ರದ ತಕರಾರು ಬೇರೆ ಇದೆ. ಅರಣ್ಯದ ಜಾಗವನ್ನು ಸರಿಯಾದ ಕ್ರಮದಲ್ಲಿ ಬಿಡಿಸಿಕೊಳ್ಳದೆ ಹಂಚಿದ್ದರಿಂದ ಹುಟ್ಟಿದ ಗೋಳು ಅದು. ಇಂಥ ಸಮಯದಲ್ಲಿ ಕಾಗದ ಹುಡುಕುವವರನ್ನು ಕಂಡರೆ ಜನ ಹೆದರುತ್ತಾರೆ. ಮೊದಲೇ ಎಲ್ಲರಿಗೂ ಹೇಳಿಬಿಡಿ, ಸಿಕ್ಕಿದ್ದರ ಪ್ರತಿಯನ್ನು ಎಲ್ಲರಿಗೂ ಕೊಡಿ. ಹಕ್ಕಿನ ಪ್ರಶ್ನೆ ಇದ್ದರೆ ವಕೀಲರ ಹತ್ತಿರ ಬೇರೆಯಾಗಿ ಮಾತಾಡಿ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ಇಲ್ಲೇ ಒಂದು ತಪ್ಪು ನಂಬಿಕೆಯನ್ನೂ ಹೇಳಿಬಿಡುತ್ತೇನೆ. ನಾಡಕಚೇರಿಯಲ್ಲಿ ವಂಶವೃಕ್ಷ ಸಿಗುತ್ತದೆ, ಅಲ್ಲಿ ಎಲ್ಲ ಇರುತ್ತದೆ ಅಂತ ಜನ ತಿಳಿದಿದ್ದಾರೆ. ಅಲ್ಲಿ ಯಾರ ವಂಶವೂ ಮೊದಲೇ ಬರೆದಿಟ್ಟಿರುವುದಿಲ್ಲ. ನೀವು ಪ್ರಮಾಣಪತ್ರದಲ್ಲಿ ಹೇಳಿದ್ದನ್ನು, ಗ್ರಾಮ ಆಡಳಿತ ಅಧಿಕಾರಿ ವಿಚಾರಿಸಿದ್ದನ್ನು ದೃಢೀಕರಿಸಿ ಕೊಡುತ್ತಾರೆ. ಹಾಗಾಗಿ ದಾಯಾದಿಗಳು ಹಿಂದೆ ಮಾಡಿಸಿದ ವಂಶವೃಕ್ಷ ಸಿಕ್ಕರೆ ಅದನ್ನು ಸುಳಿವು ಅಂತ ಇಟ್ಟುಕೊಳ್ಳಿ, ಸಾಕ್ಷಿ ಅಂತ ಅಲ್ಲ. ಹೆಣ್ಣುಮಕ್ಕಳ ಹೆಸರು ಬಿಟ್ಟು ಮಾಡಿಸಿದ ಎಷ್ಟೋ ಪತ್ರ ನೋಡಿದ್ದೇನೆ. ನೀವೇ ಮಾಡಿಸುವ ಸಂದರ್ಭ ಬಂದರೆ ಅತ್ತೆಯಂದಿರ ಹೆಸರನ್ನು ಬಿಡಬೇಡಿ. ಅದು ಮುಂದೆ ಕೋರ್ಟಿಗೆ ಹೋಗುವ ದಾರಿ.

ವಯಸ್ಸು, ಇಸವಿಗಳ ವಿಷಯ ಬೇಗ ಮುಗಿಸುತ್ತೇನೆ. ಈಗಿನ ಜನನ ಮರಣ ನೋಂದಣಿ ಕಾಯ್ದೆ 1969ರದು. ಅದಕ್ಕೆ ಹಿಂದೆಯೂ ಊರಿನಲ್ಲಿ ಬರೆಯುತ್ತಿದ್ದರು, ಆದರೆ ‘ಗಂಡು ಮಗು, ತಂದೆ ಇಂಥವರು’ ಅಂತಷ್ಟೇ ಇರುವುದು ಜಾಸ್ತಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಅಂತ ಹುಟ್ಟಿದ ದಿನ ಕಂಡರೆ ಅದು ಮೇಷ್ಟ್ರು ಕೊಟ್ಟ ದಿನ ಅಂತ ನೀವೇ ಶಿಕ್ಷಕಿ, ನಿಮಗೇ ಗೊತ್ತು. ಆದರೆ ಅದೇ ಪುಸ್ತಕದಲ್ಲಿ ಪೋಷಕರ ಹೆಸರು, ಊರು ನಂಬಬಹುದಾದವು. ಸಂವತ್ಸರದ ಹೆಸರು ಹೇಳಿದರೆ ಅರವತ್ತು ವರ್ಷಕ್ಕೊಮ್ಮೆ ಅದು ಮರಳಿ ಬರುತ್ತದೆ ಅನ್ನುವುದು ನೆನಪಿರಲಿ. ಪ್ರಭವ ಅಂದರೆ 1867-68 ಇರಬಹುದು, 1927-28 ಇರಬಹುದು. ಹಿರಿಯರನ್ನು ಇಸವಿ ಕೇಳಲೇಬೇಡಿ. ‘ಗೇಣಿ ಹೋಗೋಕೆ ಮೊದಲೋ ಆಮೇಲೋ’, ‘ಕಾಗೋಡು ಗಲಾಟೆ ಆದಾಗ ಅಪ್ಪ ನಡೀತಿದ್ರಾ’ ಅಂತ ಕೇಳಿ. ಉತ್ತರ ಥಟ್ಟನೆ ಬರುತ್ತದೆ. ಇನ್ನು ಜನಗಣತಿಯಲ್ಲಿ ಅಜ್ಜನ ಹೆಸರು ನೋಡಬಹುದಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಮನೆಮನೆಯ ವಿವರ 1948ರ ಕಾಯ್ದೆ ಪ್ರಕಾರ ಗೋಪ್ಯ.

ನಿಮ್ಮ ಅಜ್ಜಿಯ ವಿಷಯ ನನಗೆ ಅಜ್ಜನದಕ್ಕಿಂತ ಮುಖ್ಯ ಅನ್ನಿಸಿತು. ಗಂಡಸರನ್ನು ಜಮೀನು ಹಿಡಿದು ಹುಡುಕಬಹುದು. ಹೆಂಗಸರ ಹೆಸರಲ್ಲಿ ಜಮೀನು ಇರುತ್ತಿದ್ದದ್ದೇ ಅಪರೂಪ. ಅವರನ್ನು ಹುಡುಕುವ ಜಾಗವೇ ಬೇರೆ.

ಮೊದಲನೆಯದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದ ನೋಟ್ ಪುಸ್ತಕ ಹಳೆಯ ಟ್ರಂಕಿನಲ್ಲಿ ಇರುತ್ತದೆ. ನಿಮ್ಮ ಅಪ್ಪನ, ದೊಡ್ಡತ್ತೆಯ ಮದುವೆಯದು ಹುಡುಕಿ. ಹೆಸರಿನ ಪಕ್ಕ ಊರು ಇರುತ್ತದೆ. ಘಟ್ಟದ ಕೆಳಗಿನ ಒಂದೇ ಊರಿನಿಂದ ನಾಲ್ಕೈದು ಜನ ಬಂದಿದ್ದರೆ ಅದೇ ಅಜ್ಜಿಯ ತವರು ಇರಬೇಕು ಅಂತ ಹಿಡಿಯಬಹುದು. ಆಮೇಲೆ ಪಾತ್ರೆಗಳು. ಹಳೆಯ ತಾಮ್ರದ ಹಂಡೆ, ಹಿತ್ತಾಳೆ ಕೊಡಪಾನದ ಕಂಠ ಉಜ್ಜಿ ನೋಡಿ. ಕೊಟ್ಟವರ ಹೆಸರು, ಕೆಲವೊಮ್ಮೆ ತಾರೀಖು ಕೊರೆದಿರುತ್ತಾರೆ. ತಿಥಿ ಕಾರ್ಡು, ಲಗ್ನಪತ್ರಿಕೆ ಇದ್ದರೆ ಇನ್ನೂ ಒಳ್ಳೆಯದು.

ಮುಂದಿನದು ನಾಗ. ಘಟ್ಟದ ಕೆಳಗಿನ ಮನೆಗಳಿಗೆ ಮೂಲದ ನಾಗಬನ ಇರುತ್ತದೆ. ಅಜ್ಜಿಯ ಕಡೆಯವರು ತಂಬಿಲಕ್ಕೆ, ಪೂಜೆಗೆ ಎಲ್ಲಿಗೆ ಹೋಗುತ್ತಿದ್ದರು ಅಂತ ಕೇಳಿ. ಧರ್ಮಸ್ಥಳ, ಕೊಲ್ಲೂರು ಅಂದರೆ ಪ್ರಯೋಜನವಿಲ್ಲ, ಅಲ್ಲಿಗೆ ಎಲ್ಲರೂ ಹೋಗುತ್ತಾರೆ. ಸಣ್ಣ ಬನ, ಸಣ್ಣ ಭೂತಸ್ಥಾನದ ಹೆಸರು ಬಂದರೆ ಕಿವಿ ನಿಮಿರಬೇಕು. ಬಂಟ, ಬಿಲ್ಲವ ಮನೆಗಳಾದರೆ ‘ಬಳಿ’ (ಕುಲದ ಹೆಸರು) ಯಾವುದು ಅಂತಲೂ ಕೇಳಿ. ಅದು ತಾಯಿಯಿಂದ ಬರುವುದು, ಹಾಗಾಗಿ ಅಜ್ಜಿಯ ಅಜ್ಜಿಯವರೆಗೂ ಅದೇ ಬಳಿ.

ಅಜ್ಜಿ ಹತ್ತಿ ಬಂದ ಘಟ್ಟ ಯಾವುದು ಅನ್ನುವುದೂ ಸುಳಿವೇ. ಹುಲಿಕಲ್ ಘಾಟಿ ಅಂದರೆ ಕುಂದಾಪುರ ಕಡೆ, ಆಗುಂಬೆ ಅಂದರೆ ಉಡುಪಿ, ಗೇರುಸೊಪ್ಪೆ ಅಂದರೆ ಹೊನ್ನಾವರ. ಅಜ್ಜಿಯ ಮಾತು ಹೇಗಿತ್ತು? ‘ಹ್ವಾಯ್’, ‘ಎಂತ ಮರಾಯ್ತಿ’ ಅಂತ ಕುಂದಾಪುರದ ಕಡೆಯ ಧಾಟಿ ಇತ್ತಾ? ಇದನ್ನು ತಿಳಿದುಕೊಳ್ಳಬೇಕಾದ ಕಾರಣ ಕಚೇರಿಯದು. 1956ಕ್ಕೆ ಮೊದಲು ನಿಮ್ಮ ಅಜ್ಜನ ಊರು ಮೈಸೂರು ರಾಜ್ಯದಲ್ಲಿತ್ತು. ಕುಂದಾಪುರ, ಉಡುಪಿ ಮದ್ರಾಸಿಗೆ ಸೇರಿದ್ದವು. ಹೊನ್ನಾವರ, ಭಟ್ಕಳ 1862ರಿಂದ ಬೊಂಬಾಯಿ ಪ್ರಾಂತ್ಯದಲ್ಲಿದ್ದವು. ಒಂದೇ ಮದುವೆಯ ಎರಡು ಕಡೆಯವರು ಎರಡು ಸರ್ಕಾರದ ಪ್ರಜೆಗಳು. ದಾಖಲೆ ಬರೆಯುವ ಕ್ರಮ, ಪುಸ್ತಕದ ಹೆಸರು ಎಲ್ಲ ಬೇರೆ. ಸಾಗರದಲ್ಲಿ ಕಲಿತ ಪಾಠ ಅಲ್ಲಿ ನಡೆಯುವುದಿಲ್ಲ.

ದೊಡ್ಡತ್ತೆಯನ್ನು ಒತ್ತಾಯ ಮಾಡಬೇಡಿ. ಕಾರಣ ಏನು ಬೇಕಾದರೂ ಇರಬಹುದು: ಎರಡನೇ ಸಂಬಂಧ, ಬೇರೆ ಜಾತಿಯ ಮದುವೆ, ಸಾಲ, ದತ್ತು ಕೊಟ್ಟ ಮಗು. ಇವು ಯಾವ ಮನೆಯಲ್ಲಿ ಇಲ್ಲ? ನನ್ನ ಅನುಭವದಲ್ಲಿ ನೇರ ಪ್ರಶ್ನೆಗಿಂತ ಫೋಟೋ ಕೆಲಸ ಮಾಡುತ್ತದೆ. ಹಳೆಯ ಫೋಟೋ ಒಂದನ್ನು ಕೈಗೆ ಕೊಟ್ಟು ಇದು ಯಾರು ಅತ್ತೆ ಅಂತ ಕೇಳಿ, ಸುಮ್ಮನಾಗಿ. ಅಡಿಕೆ ಸುಲಿಯುವಾಗಲೋ ಹಪ್ಪಳ ಹಚ್ಚುವಾಗಲೋ ಕೈಗೆ ಕೆಲಸ ಇದ್ದಾಗ ಮಾತು ಸಲೀಸು. ಮೊಬೈಲಿನಲ್ಲಿ ಧ್ವನಿ ಹಿಡಿಯುವುದಾದರೆ ಹೇಳಿಯೇ ಹಿಡಿಯಿರಿ. ‘ಇದನ್ನು ಬರೀಬೇಡ’ ಅಂದದ್ದನ್ನು ಅವರು ಇರುವಷ್ಟು ದಿನ ಬರೆಯಬೇಡಿ. ಮಗಳ ಶಾಲೆಯ ಚಾರ್ಟಿನಲ್ಲಿ ಒಂದು ಚೌಕ ಖಾಲಿ ಇದ್ದರೆ ಏನೂ ಆಗುವುದಿಲ್ಲ.

ಕೆಳದಿಯ ದಂಡಿನ ಮಾತಿಗೆ ಬರೋಣ. ಇದು ಮಲೆನಾಡಿನಲ್ಲಿ ಮನೆಮನೆಗೂ ಇರುವ ಕಥೆ. ಸುಳ್ಳು ಅಂತ ನಾನು ಹೇಳಲಾರೆ, ಆ ಅರಸರಿಗೆ ದಂಡು ಇತ್ತು, ದಂಡಿನಲ್ಲಿ ಇಲ್ಲಿಯ ಜನವೇ ಇದ್ದರು. ಆದರೆ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದದ್ದು 1763ರಲ್ಲಿ. ಅಲ್ಲಿಂದ ನಿಮ್ಮ ಅಜ್ಜನವರೆಗೆ ಐದಾರು ತಲೆಮಾರು. ನಡುವಿನ ಒಂದು ಹೆಸರೂ ಇಲ್ಲದೆ ಆ ತುದಿಗೆ ಹಗ್ಗ ಕಟ್ಟಲು ಆಗುವುದಿಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಹಳೆಯ ಕಾಗದಗಳ ದೊಡ್ಡ ಸಂಗ್ರಹ ಇದೆ, ಹೋಗಿ ನೋಡಿ, ಚೆನ್ನಾಗಿದೆ. ಶಿವಮೊಗ್ಗ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ಬಂದಿವೆ. ಅಜ್ಜನ ಊರಿನ ಹೆಸರು ಅಲ್ಲಿ ಸಿಗಬಹುದು. ಅಜ್ಜನ ಅಜ್ಜನ ಹೆಸರು ಸಿಗುತ್ತದೆ ಅಂತ ಹೋಗಬೇಡಿ. ದಂಡಿನ ಕಥೆಯನ್ನು ‘ಮನೆಯ ಮಾತು, ಇಂಥವರು ಹೇಳಿದ್ದು’ ಅಂತ ಗುರುತು ಹಾಕಿ ಬರೆದಿಡಿ. ಹೆಳವರು ನಮ್ಮ ವಂಶ ಹೇಳುತ್ತಾರಾ ಅಂತಲೂ ಜನ ಕೇಳುತ್ತಾರೆ. ಬಯಲುಸೀಮೆಯ ಲಿಂಗಾಯತ, ಒಕ್ಕಲಿಗ, ಕುರುಬ ಮನೆಗಳಿಗೆ ಅವರು ಬಂದು ತಲೆಮಾರುಗಳನ್ನು ಒಪ್ಪಿಸುತ್ತಾರೆ, ಪುಸ್ತಕವನ್ನೂ ಇಟ್ಟಿರುತ್ತಾರೆ. ನಿಮ್ಮ ಮನೆಗೆ ಹಿಂದೆ ಹೆಳವರು ಬರುತ್ತಿದ್ದರಾ ಅಂತ ಚಿಕ್ಕಪ್ಪನನ್ನು ಕೇಳಿ. ಬರುತ್ತಿರಲಿಲ್ಲ ಅಂದರೆ ಆ ದಾರಿ ಬಿಡಿ.

ಡಿಎನ್‌ಎ ಟೆಸ್ಟಿಗೆ ನನ್ನ ಸಲಹೆ ಬೇಡ ಅಂತಲೇ. ಅದು ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ. ನಿಮ್ಮ ನೆಂಟರೂ ಅದೇ ಕಂಪನಿಯಲ್ಲಿ ಟೆಸ್ಟ್ ಮಾಡಿಸಿದ್ದರೆ ಹೊಂದಿಕೆ ತೋರಿಸುತ್ತದೆ. ಹೊನ್ನಾವರದ ಯಾವ ಅಜ್ಜಿ ಮಾಡಿಸಿರುತ್ತಾಳೆ ಹೇಳಿ? ಅಮೆರಿಕದ ಟ್ವೆಂಟಿಥ್ರೀ ಆಂಡ್ ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು. 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು. ತಮ್ಮನಿಗೆ ಖರ್ಚು ಮಾಡುವ ಮನಸ್ಸಿದ್ದರೆ ಆ ದುಡ್ಡಿನಲ್ಲಿ ಮನೆಯ ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿಕೊಡಲಿ.

ಕಾಗದಗಳ ಬಗ್ಗೆ ಒಂದು ಮಾತು. ಹಳೆಯ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ. ಅಟ್ಟದಲ್ಲಿ ಮಡಿಚಿಟ್ಟ ಕಪ್ಪು ಬಟ್ಟೆಯ ಕಡತ ಸಿಕ್ಕರೆ ಧೂಳು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಅದರ ಮೇಲಿನದು ಬಳಪದ ಬರಹ, ಅಳಿಸಿಹೋಗುತ್ತದೆ. ‘ಎಲ್ಲ ದಾಖಲೆ ತೆಗೆಸಿಕೊಡ್ತೀನಿ’ ಅನ್ನುವ ಮಧ್ಯವರ್ತಿಗಳ ಕೈಗೆ ಮೂಲ ಪತ್ರ ಕೊಡಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ದೊಡ್ಡತ್ತೆಯ ಮನೆಗೆ ಹೋಗುತ್ತಿದ್ದೆ, ಕಚೇರಿಗೆ ಆಮೇಲೆ. ಕಚೇರಿಯ ಕಾಗದ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ನಂತರ ‘ದ್ಯಾವಪ್ಪ ಬಿನ್ ತಿಮ್ಮ’ ಕಾಗದವನ್ನು ಬೆಳಕಿಗೆ ಹಿಡಿದು ತಾರೀಖು, ಸರ್ವೆ ನಂಬರು, ಸಾಕ್ಷಿಗಳ ಹೆಸರು ಬರೆದುಕೊಳ್ಳಿ. ಸಾಕ್ಷಿ ಹಾಕಿದವರು ಬಹಳ ಸಲ ಭಾವನೋ ಷಡ್ಡಕನೋ ಆಗಿರುತ್ತಾರೆ. ಆಮೇಲೆ ಸಾಗರಕ್ಕೆ ಹೋಗಿ ನಕಲಿಗೆ ಅರ್ಜಿ ಕೊಡಿ. ಅರ್ಜಿಯಲ್ಲಿ ‘ನಮ್ಮ ಅಜ್ಜನ ದಾಖಲೆ’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೋಬಳಿ, ಗ್ರಾಮ, ಸರ್ವೆ ನಂಬರು, ಬೇಕಾದ ಪುಸ್ತಕ, ಯಾವ ಇಸವಿಯಿಂದ ಯಾವ ಇಸವಿವರೆಗೆ ಅಂತ ಬಿಡಿಸಿ ಬರೆಯಿರಿ. ಊರಿನ ಹೆಸರನ್ನು ಈಗ ಬರೆಯುವ ಹಾಗೂ ಬರೆಯಿರಿ, ಹಳೆಯ ಕಾಗದದಲ್ಲಿ ಇರುವ ಹಾಗೂ ಬರೆಯಿರಿ. ‘ಲಭ್ಯವಿಲ್ಲ’ ಅಂತ ಬಾಯಲ್ಲಿ ಹೇಳಿದರೆ ಬರವಣಿಗೆಯಲ್ಲಿ ಹಿಂಬರಹ ಕೇಳಿ ಪಡೆಯಿರಿ. ಅದನ್ನು ಹಿಡಿದುಕೊಂಡೇ ಮುಂದಿನ ಕಚೇರಿಗೆ ಹೋಗಬೇಕಾಗುತ್ತದೆ.